ಸೊಲ್ಲು ಬಿಡದ ಮೇಳ: ಸ್ಯಾನ್ ಫ್ರಾನ್ಸಿಸ್ಕೊ ಗೇ ಮೆನ್ಸ್ ಕೋರಸ್ ನಡೆದು ಬಂದ ದಾರಿ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಗಂಡಸರು ಗುಂಪುಕಟ್ಟಿ ಹಾಡುವುದು ಇಂದು ನಿನ್ನೆಯದಲ್ಲ. ಮಲೆಯ ಮಾದಪ್ಪನ ದೇವರಗುಡ್ಡರು ಕಂಸಾಳೆ ಹಿಡಿದು, ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಮೀಟಿ ರಾತ್ರಿಯಿಡೀ ಕತೆ ಹಾಡುವುದನ್ನು ಕೇಳಿ ಬೆಳೆದವರು ನಾವು. ಈ ಸಂಚಿಕೆಯ ಬಹುಪಾಲು ಬರಹಗಳು ಆ ಮೇಳಗಳ ಕುರಿತವೇ. ಈ ಒಂದು ಲೇಖನ ಮಾತ್ರ ಹೊರಗಿನ ಮೇಳವೊಂದರ ಚರಿತ್ರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಹುಟ್ಟಿ, ಇಂದಿಗೂ ಹಾಡುತ್ತಿರುವ ಸ್ಯಾನ್ ಫ್ರಾನ್ಸಿಸ್ಕೊ ಗೇ ಮೆನ್ಸ್ ಕೋರಸ್ ಎಂಬ ಸಲಿಂಗಿ ಗಂಡಸರ ಗಾಯನ ತಂಡದ್ದು.

ಅಷ್ಟು ದೂರದ ಸಂಸ್ಥೆಯ ಕತೆ ಇಲ್ಲೇಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಮೇಳವೊಂದು ಹೇಗೆ ಹುಟ್ಟುತ್ತದೆ, ಯಾವುದರಿಂದ ಉಳಿಯುತ್ತದೆ ಎಂಬ ಪ್ರಶ್ನೆಗೆ ಈ ತಂಡದ ಬದುಕಿನಲ್ಲಿ ಸಿಗುವಷ್ಟು ನೇರ ಉತ್ತರ ಬೇರೆಡೆ ಸಿಗುವುದು ಕಷ್ಟ. ಕಟ್ಟಡವಾಗಲಿ ದೊಡ್ಡ ದುಡ್ಡಾಗಲಿ ಇಲ್ಲದೆ ಹುಟ್ಟಿದ ತಂಡ ಅದು. ಹುಟ್ಟಿದ ನಾಲ್ಕು ವಾರಕ್ಕೆ ತನ್ನವರ ಸಾವಿಗೆ ಹಾಡಬೇಕಾಯಿತು. ಮುಂದಿನ ಹದಿನೈದು ವರ್ಷದಲ್ಲಿ ಆರಂಭದ ಹಾಡುಗಾರರಲ್ಲಿ ಬಹುತೇಕರನ್ನು ಕಳೆದುಕೊಂಡಿತು. ಆದರೂ ಹಾಡು ನಿಲ್ಲಲಿಲ್ಲ.

ನಮ್ಮ ಮೇಳ, ಅವರ ಮೇಳ

ಮೊದಲು ನಮ್ಮದನ್ನು ನೋಡೋಣ. ದೇವರಗುಡ್ಡನಾಗಲು ಹರಕೆ ಬೇಕು, ದೀಕ್ಷೆ ಬೇಕು, ಗುರು ಬೇಕು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಹುರಿ ಕಟ್ಟಿದ ಚಪ್ಪಟೆ ತಾಳ. ಹುರಿಯ ತಾಳವನ್ನು ಬೀಸಿ ಬಟ್ಟಲಿಗೆ ತಾಕಿಸುವಾಗ ಕೈ ತಪ್ಪಿದರೆ ಪಕ್ಕದವನ ಮುಖಕ್ಕೆ ಏಟು. ಹಾಗಾಗಿ ಬೀಸು ಕಂಸಾಳೆ ಕಲಿಯುವವನು ತನ್ನ ಕೈಯ ಮೇಲಿಟ್ಟಷ್ಟೇ ಕಣ್ಣನ್ನು ಜೊತೆಯವನ ಮೇಲೂ ಇಡಬೇಕು. ಹಾಡಿನಲ್ಲೂ ಇದೇ ಕ್ರಮ. ಮುಂದಾಳು ಕತೆ ಹೇಳುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಮುಂದಾಳಿಗೆ ಉಸಿರು ಕಟ್ಟಿದಾಗ ಸೊಲ್ಲು ಅವನನ್ನು ಹೊತ್ತುಕೊಳ್ಳುತ್ತದೆ. ಶ್ರವಣ ದೊರೆಯ ಸಾಲಾಗಲಿ, ಸಂಕಮ್ಮನ ಸಾಲಾಗಲಿ, ಒಬ್ಬನೇ ಹಾಡಿ ಮುಗಿಸುವಂಥದಲ್ಲ.

ಪಶ್ಚಿಮದ ಗಂಡಸರ ಕೋರಸ್ಸಿನ ಕಟ್ಟು ಬೇರೆ. ಅಲ್ಲಿ ಒಬ್ಬ ಮುಂದಾಳಿನ ಹಿಂದೆ ಎಲ್ಲರೂ ಸೊಲ್ಲು ಹಿಡಿಯುವುದಿಲ್ಲ. ದನಿಯ ಎತ್ತರಕ್ಕೆ ತಕ್ಕಂತೆ ತಂಡ ನಾಲ್ಕು ಪಾಲಾಗುತ್ತದೆ: ಮೇಲಿನ ಟೆನರ್, ಕೆಳಗಿನ ಟೆನರ್, ಬ್ಯಾರಿಟೋನ್, ಎಲ್ಲಕ್ಕಿಂತ ಕೆಳಗೆ ಬೇಸ್. ಒಂದೇ ಹೊತ್ತಿಗೆ ನಾಲ್ಕು ಪಾಲಿನವರು ನಾಲ್ಕು ಸ್ವರಗಳನ್ನು ಹಾಡುತ್ತಾರೆ, ಅವು ಸೇರಿದಾಗ ಹಾಡು. ಒಂದು ಪಾಲಿನಲ್ಲಿ ದನಿಗಳು ಕಡಿಮೆಯಾದರೆ ಇಡೀ ಹಾಡಿನಲ್ಲಿ ಒಂದು ಕಡೆ ಗೋಡೆ ಬಿದ್ದಂತೆ. ಕೈಸನ್ನೆಯಲ್ಲಿ ಎಲ್ಲರನ್ನೂ ನಡೆಸುವ ನಿರ್ದೇಶಕ ಎದುರಿಗೆ ನಿಂತಿರುತ್ತಾನೆ. ಈ ನಾಲ್ಕು ಪಾಲಿನ ವಿಷಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದರ ಅರ್ಥ ದೊಡ್ಡದಾಗುತ್ತದೆ.

ಒಂದು ಸೋಮವಾರ ಶುರುವಾದದ್ದು

1970ರ ದಶಕದ ಕೊನೆಯ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ಕ್ಯಾಸ್ಟ್ರೊ ಬಡಾವಣೆ ಸಲಿಂಗಿಗಳ ಊರೆಂದೇ ಹೆಸರಾಗಿತ್ತು. ದೇಶದ ಮೂಲೆಮೂಲೆಗಳಿಂದ, ಮನೆಯಲ್ಲಿ ಹೇಳಿಕೊಳ್ಳಲಾಗದ ಹುಡುಗರು ಅಲ್ಲಿಗೆ ಬಂದು ನೆಲೆಸಿದ್ದರು. ಆ ಬಡಾವಣೆಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ ಹಾರ್ವೆ ಮಿಲ್ಕ್ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡೇ ಚುನಾವಣೆಗೆ ನಿಂತು, 1977ರ ನವೆಂಬರಿನಲ್ಲಿ ನಗರದ ಆಡಳಿತ ಮಂಡಳಿಗೆ ಗೆದ್ದು ಬಂದರು. ಅದೇ ಹೊತ್ತಿಗೆ ವಿರೋಧದ ಗಾಳಿಯೂ ಎದ್ದಿತ್ತು. ಸರ್ಕಾರಿ ಶಾಲೆಗಳಲ್ಲಿ ಸಲಿಂಗಿ ಉಪಾಧ್ಯಾಯರು ಇರಕೂಡದು ಎಂಬ ಪ್ರಸ್ತಾವವನ್ನು ಕ್ಯಾಲಿಫೋರ್ನಿಯಾದ ಮತದಾರರ ಮುಂದಿಟ್ಟಿದ್ದರು. ಅದು 1978ರ ನವೆಂಬರ್ 7ರಂದು ಮತಕ್ಕೆ ಬಂದು ಸೋತಿತು.

ಕೋರಸ್ ಹುಟ್ಟಿದ್ದು ಆ ಮತದಾನಕ್ಕೆ ಒಂದು ವಾರ ಮೊದಲು. ಕಟ್ಟಿದವರು ಕನ್ಸಾಸ್ ರಾಜ್ಯದ ಸಣ್ಣ ಊರಿನಿಂದ ಬಂದ ಜಾನ್ ಸಿಮ್ಸ್ ಎಂಬ ಸಂಗೀತದ ಮೇಷ್ಟ್ರು. ಹುಟ್ಟಿದ್ದು 1947ರಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸುತ್ತಿದ್ದರು. 1978ರಲ್ಲಿ ಸಲಿಂಗಿಗಳ ಮೆರವಣಿಗೆಗೆಂದು ಬ್ಯಾಂಡ್ ತಂಡವೊಂದನ್ನು ಕಟ್ಟಿ ಬೀದಿಗಿಳಿಸಿದರು. ಅದಕ್ಕೆ ಸಿಕ್ಕ ಉತ್ಸಾಹ ಕಂಡು, ವಾದ್ಯ ನುಡಿಸಲು ಬಾರದವರೂ ಸೇರಬಹುದಾದ ಹಾಡಿನ ತಂಡವೂ ಬೇಕೆಂದು ಕರಪತ್ರ ಹಂಚಿದರು. 1978ರ ಅಕ್ಟೋಬರ್ 30, ಸೋಮವಾರ, ಮೊದಲ ತಾಲೀಮು. ಕರಪತ್ರ ನಂಬಿಕೊಂಡು ನೂರಕ್ಕೂ ಹೆಚ್ಚು ಗಂಡಸರು ಬಂದಿದ್ದರು.

ಬಂದವರ ಮುಂದೆ ಮೊದಲ ದಿನದಿಂದಲೇ ಇದ್ದ ಪ್ರಶ್ನೆ ತಂಡದ ಹೆಸರಿನದು. ಅದಕ್ಕಿಂತ ಮೊದಲೂ ಸಲಿಂಗಿಗಳು ಸೇರಿ ಹಾಡಿದ್ದುಂಟು. ಫಿಲಡೆಲ್ಫಿಯಾದಲ್ಲಿ 1975ರಿಂದಲೇ ಅನಾ ಕ್ರೂಸಿಸ್ ಎಂಬ ಹೆಂಗಸರ ಗಾಯನ ತಂಡವಿತ್ತು, ನ್ಯೂಯಾರ್ಕಿನಲ್ಲಿ 1977ರಲ್ಲಿ ಮತ್ತೊಂದು ಹುಟ್ಟಿತ್ತು. ಆದರೆ ಅವರಾರೂ ತಾವು ಯಾರೆಂಬುದನ್ನು ತಂಡದ ಹೆಸರಿನಲ್ಲಿ ಬರೆದಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದವರು 'ಗೇ' ಎಂಬ ಪದವನ್ನು ಹೆಸರಿಗೇ ಸೇರಿಸಿದರು. ಹಾಗೆ ಮಾಡಿದ ಮೊದಲ ಕೋರಸ್ ಇದೇ. ಕಾರ್ಯಕ್ರಮದ ಪಟ್ಟಿಯಲ್ಲಿ ಹಾಡುಗಾರನ ಹೆಸರು ಅಚ್ಚಾಯಿತೆಂದರೆ ಅವನ ಕಚೇರಿಗೆ, ತಾಯಿತಂದೆಗೆ, ಮನೆಯ ಮಾಲೀಕನಿಗೆ ಎಲ್ಲವೂ ಗೊತ್ತಾದಂತೆ. ಕೆಲಸ ಹೋಗುವ ಭಯ ಸುಳ್ಳಲ್ಲದ ಕಾಲ ಅದು. ಆ ಹೆಸರಿನ ಕೆಳಗೆ ನಿಂತು ಹಾಡುವುದೇ ಒಂದು ದೀಕ್ಷೆಯಾಯಿತು.

ನಗರಸಭೆಯ ಮೆಟ್ಟಿಲ ಮೇಲೆ

ನಾಲ್ಕು ವಾರ ಕಳೆದಿತ್ತು. ನವೆಂಬರ್ 27, ಮತ್ತೆ ಸೋಮವಾರ, ತಾಲೀಮಿನ ದಿನ. ಆ ದಿನ ಬೆಳಿಗ್ಗೆ ಆಡಳಿತ ಮಂಡಳಿಯ ಮಾಜಿ ಸದಸ್ಯ ಡ್ಯಾನ್ ವೈಟ್ ನಗರಸಭೆಯ ಕಟ್ಟಡದೊಳಗೆ ನುಗ್ಗಿ ಮೇಯರ್ ಜಾರ್ಜ್ ಮಾಸ್ಕೋನಿಯವರನ್ನೂ ಹಾರ್ವೆ ಮಿಲ್ಕ್ ಅವರನ್ನೂ ಗುಂಡಿಟ್ಟು ಕೊಂದ. ಮಿಲ್ಕ್ ಅಧಿಕಾರ ವಹಿಸಿಕೊಂಡು ಇನ್ನೂ ಹನ್ನೊಂದು ತಿಂಗಳೂ ತುಂಬಿರಲಿಲ್ಲ.

ಸಂಜೆ ಕ್ಯಾಸ್ಟ್ರೊದಲ್ಲಿ ಜನ ಸೇರತೊಡಗಿದರು. ಕೈಯಲ್ಲಿ ಮೇಣದ ಬತ್ತಿ, ಬಾಯಲ್ಲಿ ಘೋಷಣೆಯಿಲ್ಲ. ಸಾವಿರಾರು ಜನ ಮಾರ್ಕೆಟ್ ರಸ್ತೆಯುದ್ದಕ್ಕೂ ನಡೆದು ನಗರಸಭೆಯ ಮುಂದೆ ನಿಂತರು. ತಾಲೀಮಿಗೆ ಬರಬೇಕಿದ್ದ ಹಾಡುಗಾರರು ತಾಲೀಮು ಬಿಟ್ಟು ಅಲ್ಲಿಗೆ ಹೋದರು. ವೇದಿಕೆ ಹತ್ತಿ ಒಂದು ಸಲವೂ ಹಾಡಿರದ ತಂಡ, ಆ ಮೆಟ್ಟಿಲುಗಳ ಮೇಲೆ ನಿಂತು ಮೆಂಡೆಲ್ಸನ್ ಸಂಯೋಜಿಸಿದ ಪ್ರಾರ್ಥನಾಗೀತೆಯೊಂದನ್ನು ಹಾಡಿತು. ದೇವರನ್ನು ಆಸರೆಯೆಂದು ಕರೆಯುವ ಹಾಡು ಅದು. ಹೀಗೆ 'ಗೇ' ಎಂಬ ಹೆಸರು ಹೊತ್ತ ಮೊದಲ ಕೋರಸ್ಸಿನ ಮೊದಲ ಸಾರ್ವಜನಿಕ ಗಾಯನ ಒಂದು ಸಾವಿನ ಸಭೆಯಲ್ಲಿ ನಡೆಯಿತು. ಟಿಕೆಟ್ಟಿಟ್ಟು ನಡೆಸಿದ ಕಛೇರಿ ಆಮೇಲೆ ಡಿಸೆಂಬರಿನಲ್ಲಿ ಬಂತು.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ತಿಥಿಯ ಮನೆಗೆ ನೀಲಗಾರರನ್ನು ಕರೆಸಿ ಇರುಳೆಲ್ಲ ಸಿದ್ಧಪ್ಪಾಜಿಯ ಕತೆ ಹಾಡಿಸುವ ಊರುಗಳು ನಮ್ಮವು. ಸತ್ತವರ ಮನೆಯಲ್ಲಿ ಹಾಡಬಲ್ಲವರನ್ನು ಊರು ಮರೆಯುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರವೂ ಮರೆಯಲಿಲ್ಲ. ಕೋರಸ್ಸಿಗೆ ಆ ರಾತ್ರಿಯೇ ಊರಿನಲ್ಲಿ ಸ್ಥಾನ ಸಿಕ್ಕಿತು.

ಬಳ್ಳಿ ಹಬ್ಬಿದ ಕಾಲ

ಜಾನ್ ಸಿಮ್ಸ್ ಹಲವು ತಂಡಗಳನ್ನು ಒಟ್ಟೊಟ್ಟಿಗೆ ಕಟ್ಟುತ್ತಿದ್ದರಿಂದ ಕೋರಸ್ಸಿನ ಹೊಣೆಯನ್ನು ಡಿಕ್ ಕ್ರೇಮರ್ ಎಂಬ ನಿರ್ದೇಶಕರಿಗೆ ಒಪ್ಪಿಸಿದರು. ಕಟ್ಟಿದವನು ಬೇಗನೆ ಕೈಬಿಟ್ಟು ಬೇರೊಬ್ಬರಿಗೆ ದಾರಿ ಮಾಡಿಕೊಟ್ಟದ್ದು ಸಂಸ್ಥೆಗೆ ಒಳ್ಳೆಯದೇ ಆಯಿತು. ಒಬ್ಬ ವ್ಯಕ್ತಿಯ ತಂಡವಾಗಿ ಉಳಿಯದೆ, ಸದಸ್ಯರ ಸಮಿತಿ ನಡೆಸುವ ತಂಡವಾಗಿ ಬೆಳೆಯಿತು. ಹಗಲು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಹೋಟೆಲಿನಲ್ಲಿ ದುಡಿಯುವವರು ವಾರಕ್ಕೊಮ್ಮೆ ಸೇರಿ ತಾಲೀಮು ಮಾಡುತ್ತಿದ್ದರು.

1981ರ ಜೂನಿನಲ್ಲಿ ತಂಡ ದೇಶಸಂಚಾರ ಹೊರಟಿತು. ಒಂದು ನಗರದಿಂದ ಇನ್ನೊಂದಕ್ಕೆ, ಪಡುವಣ ತೀರದಿಂದ ಮೂಡಣ ತೀರದವರೆಗೆ. ರಾಜಧಾನಿ ವಾಷಿಂಗ್ಟನ್ನಿನ ಕೆನಡಿ ಸೆಂಟರಿನಲ್ಲಿ ಹಾಡಿದ ರಾತ್ರಿ, ನಮ್ಮ ಊರಿಗೂ ಇಂಥ ತಂಡ ಬೇಕು ಎಂದು ಅಲ್ಲಿಯ ಹೆಣ್ಣುಮಗಳೊಬ್ಬಳು ಸಭಿಕರಿಗೆ ಚೀಟಿ ಹಂಚಿದಳು. ಆ ಚೀಟಿಯಿಂದ ಹುಟ್ಟಿದ ವಾಷಿಂಗ್ಟನ್ನಿನ ಗೇ ಮೆನ್ಸ್ ಕೋರಸ್ ಇಂದಿಗೂ ಇದೆ. ಅಷ್ಟರೊಳಗೆ ಸಿಯಾಟಲ್ ಮತ್ತು ಲಾಸ್ ಏಂಜಲಿಸ್‌ಗಳಲ್ಲಿ 1979ರಲ್ಲಿ, ನ್ಯೂಯಾರ್ಕಿನಲ್ಲಿ 1980ರಲ್ಲಿ ತಂಡಗಳು ಎದ್ದಿದ್ದವು. 1980ರ ದಶಕದ ಆರಂಭದಲ್ಲೇ ಇವೆಲ್ಲ ಸೇರಿ ಗಾಲಾ ಎಂಬ ಒಕ್ಕೂಟ ಕಟ್ಟಿಕೊಂಡವು. ಕೆಲವು ವರ್ಷಗಳಿಗೊಮ್ಮೆ ಒಂದು ನಗರದಲ್ಲಿ ಸೇರಿ ಹಾಡಿನ ಜಾತ್ರೆ ನಡೆಸುವ ಪದ್ಧತಿ 1983ರಲ್ಲಿ ನ್ಯೂಯಾರ್ಕಿನಿಂದ ಮೊದಲಾಯಿತು. ಈಗ ಒಕ್ಕೂಟದಲ್ಲಿ ನೂರೈವತ್ತಕ್ಕೂ ಹೆಚ್ಚು ತಂಡಗಳಿವೆ. ಲಂಡನ್ನಿನ ಗೇ ಮೆನ್ಸ್ ಕೋರಸ್ 1991ರಲ್ಲಿ ಶುರುವಾಯಿತು.

ಹೊಸ ತಂಡಗಳು ಹುಟ್ಟಲು ಮೂಲ ಕಾರಣ ಪ್ರಚಾರವಲ್ಲ. ಸಲಿಂಗಿಗಳು ಒಬ್ಬರನ್ನೊಬ್ಬರು ಕಾಣಬಹುದಾದ ಜಾಗಗಳು ಆ ಕಾಲದಲ್ಲಿ ಕಡಿಮೆ. ಇದ್ದವೂ ರಾತ್ರಿಯ ಮದ್ಯದಂಗಡಿಗಳು, ಪೊಲೀಸರ ದಾಳಿಯ ಭಯದಲ್ಲಿ ನಡೆಯುವಂಥವು. ತಾಲೀಮಿನ ಕೋಣೆ ಅದಕ್ಕಿಂತ ಬೇರೆಯಾಗಿತ್ತು. ಬೆಳಕಿತ್ತು, ಕೈಯಲ್ಲಿ ಹಾಡಿನ ಹಾಳೆಯಿತ್ತು, ಮಾಡಲು ಕೆಲಸವಿತ್ತು, ಹೊಸಬನಿಗೆ ಪಕ್ಕದಲ್ಲಿ ನಿಂತು ಸ್ವರ ತೋರಿಸುವ ಹಳಬನಿದ್ದ. ಅಪ್ಪ ಅಮ್ಮನನ್ನು ಕಛೇರಿಗೆ ಕರೆದು ಕೂರಿಸಬಹುದಿತ್ತು. ಬಾಯಲ್ಲಿ ಹೇಳಲಾಗದ್ದನ್ನು ಟಿಕೆಟ್ ಕೊಟ್ಟು ತಿಳಿಸಿದವರು ಎಷ್ಟೋ ಮಂದಿ.

ಐದನೆಯ ಪಾಲು

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ವಾರಪತ್ರಿಕೆಯಲ್ಲಿ ಸಣ್ಣದೊಂದು ವರದಿ ಪ್ರಕಟಿಸಿತು. ಲಾಸ್ ಏಂಜಲಿಸ್ಸಿನ ಐವರು ಯುವಕರಿಗೆ ವಿರಳವಾದ ನ್ಯುಮೋನಿಯಾ ತಗುಲಿದೆ, ಐವರೂ ಸಲಿಂಗಿಗಳು ಎಂದು. ಮುಂದೆ ಏಡ್ಸ್ ಎಂದು ಹೆಸರಾದ ಕಾಯಿಲೆಯ ಮೊದಲ ದಾಖಲೆ ಅದು. ಕೋರಸ್ ಸಂಚಾರ ಹೊರಟದ್ದೂ ಅದೇ ತಿಂಗಳು. ನಗರ ನಗರದಲ್ಲಿ ಚಪ್ಪಾಳೆ ಗಿಟ್ಟಿಸಿದ ಹುಡುಗರಲ್ಲಿ ಎಷ್ಟೋ ಜನರಿಗೆ ಮುಂದಿನ ಹತ್ತು ವರ್ಷ ಆಯುಷ್ಯವಿರಲಿಲ್ಲ.

ಜಾನ್ ಸಿಮ್ಸ್ 1984ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತೇಳು. ಆಮೇಲೆ ಒಬ್ಬರ ಹಿಂದೆ ಒಬ್ಬರು. ತಾಲೀಮಿಗೆ ಬಂದವರು ಮೊದಲು ಕೇಳುತ್ತಿದ್ದುದು ಈ ವಾರ ಯಾರು ಆಸ್ಪತ್ರೆಯಲ್ಲಿದ್ದಾರೆ ಎಂಬುದನ್ನು. ತಂಡದ ಗೆಳೆಯರೇ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತರು, ಊಟ ಹೊತ್ತರು, ಸಂಸ್ಕಾರದಲ್ಲಿ ಹಾಡಿದರು. ಎಷ್ಟೋ ಮನೆಯವರು ಹೆಣ ಪಡೆಯಲೂ ಬಾರದ ದಿನಗಳು ಅವು. ಹೀಗೆ ಸತ್ತ ಸದಸ್ಯರ ಸಂಖ್ಯೆ ಮುನ್ನೂರು ದಾಟಿತು.

ಸತ್ತವರನ್ನು ತಂಡ ಏನು ಮಾಡಿತು ಎಂಬುದು ಈ ಸಂಸ್ಥೆಯ ಚರಿತ್ರೆಯ ತಿರುಳು. ಹಾಡಿನ ತಂಡಕ್ಕೆ ನಾಲ್ಕು ಪಾಲು ಎಂದು ಮೇಲೆ ಹೇಳಿದೆ. ಸ್ಯಾನ್ ಫ್ರಾನ್ಸಿಸ್ಕೊದ ಕೋರಸ್ ತನಗೆ ಐದನೆಯ ಪಾಲೊಂದಿದೆ ಎಂದು ಹೇಳಿಕೊಂಡಿತು. ಅಗಲಿದ ಸದಸ್ಯರೇ ಆ ಐದನೆಯ ಪಾಲು. ಅವರ ಹೆಸರುಗಳ ಪಟ್ಟಿಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ. ಸತ್ತವನು ಸದಸ್ಯತ್ವ ಕಳೆದುಕೊಳ್ಳುವುದಿಲ್ಲ, ಪಾಲು ಬದಲಿಸುತ್ತಾನೆ ಅಷ್ಟೆ.

1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯ ಛಾಯಾಗ್ರಾಹಕ ಎರಿಕ್ ಲೂಸ್ ತೆಗೆದ ಒಂದು ಚಿತ್ರ ಇದನ್ನು ಜಗತ್ತಿಗೆ ತೋರಿಸಿತು. ನೂರಕ್ಕೂ ಹೆಚ್ಚು ಗಂಡಸರು ಸಾಲುಸಾಲಾಗಿ ನಿಂತಿದ್ದಾರೆ. ಹೆಚ್ಚೂ ಕಡಿಮೆ ಎಲ್ಲರೂ ಕಪ್ಪು ಬಟ್ಟೆ ತೊಟ್ಟು ನಮಗೆ ಬೆನ್ನು ಹಾಕಿದವರು. ಆ ಕಪ್ಪಿನ ನಡುವೆ ಅಲ್ಲೊಬ್ಬ ಇಲ್ಲೊಬ್ಬ ಬಿಳಿ ಬಟ್ಟೆ ತೊಟ್ಟು ಮುಖ ತೋರಿಸಿ ನಿಂತಿದ್ದಾನೆ. ಬಿಳಿ ಬಟ್ಟೆಯವರನ್ನು ಎಣಿಸಿದರೆ ಏಳು. ಮೊದಲಿನ ತಂಡದಲ್ಲಿ ಬದುಕಿ ಉಳಿದವರು ಅವರು. ಬೆನ್ನು ಹಾಕಿದವರು ಸತ್ತವರ ಲೆಕ್ಕಕ್ಕೆ ನಿಂತ ಹೊಸ ಸದಸ್ಯರು. ಈ ಚಿತ್ರದಲ್ಲಿ ದುಃಖ ಕಾಣುವುದು ಸಹಜ. ಆದರೆ ಸಂಸ್ಥೆಯ ಚರಿತ್ರೆ ಬರೆಯುವವನ ಕಣ್ಣಿಗೆ ಇನ್ನೊಂದು ಸಂಗತಿಯೂ ಬೀಳುತ್ತದೆ: ಸತ್ತವರ ಜಾಗಕ್ಕೆ ನಿಲ್ಲಲು ಅಷ್ಟು ಜನ ಹೊಸಬರು ಬಂದಿದ್ದರು. ಈ ತಂಡ ಸೇರಿದರೆ ವಾರವಾರ ಸಾವಿನ ಸುದ್ದಿ ಕೇಳಬೇಕೆಂದು ಗೊತ್ತಿದ್ದೂ ಬಂದಿದ್ದರು. ಪರಿಣಾಮಕಾರಿಯಾದ ಸಂಯುಕ್ತ ಔಷಧಗಳು ಬಂದದ್ದು 1996ರಲ್ಲಿ, ಸಾವು ಕಡಿಮೆಯಾದದ್ದು ಆಮೇಲೆ. ಅಲ್ಲಿಯವರೆಗೆ ತಂಡವನ್ನು ನಿಲ್ಲಿಸಿದ್ದು ಈ ಹೊಸಬರು.

ಎದುರಾಳಿಗಳ ಊರಿಗೆ

ಮುಂದಿನ ಹತ್ತು ಹದಿನೈದು ವರ್ಷ ತಂಡ ನಿಧಾನವಾಗಿ ಗಟ್ಟಿಯಾಯಿತು. ಹೊಸ ಹಾಡುಗಳನ್ನು ಬರೆಸಿತು, ಧ್ವನಿಮುದ್ರಣಗಳನ್ನು ತಂದಿತು. 2000ದಲ್ಲಿ ಆಸ್ಟ್ರೇಲಿಯಾದ ಕ್ಯಾಥ್ಲೀನ್ ಮೆಗ್ವಾಯರ್ ನಿರ್ದೇಶಕಿಯಾಗಿ ಬಂದರು, ಗಂಡಸರ ತಂಡವನ್ನು ಹೆಣ್ಣುಮಗಳು ನಡೆಸಿದಳು. 2011ರಲ್ಲಿ ಬಂದ ಟಿಮ್ ಸೀಲಿಗ್ ಮೊದಲು ಟೆಕ್ಸಾಸಿನ ಚರ್ಚೊಂದರಲ್ಲಿ ಸಂಗೀತದ ಹೊಣೆ ಹೊತ್ತಿದ್ದವರು. ತಾನು ಸಲಿಂಗಿ ಎಂದು ಹೇಳಿಕೊಂಡ ಮೇಲೆ ಆ ಕೆಲಸವೂ ಹೋಗಿ, ಸಂಸಾರವೂ ಮುರಿದಿತ್ತು.

ಸೀಲಿಗ್ ಅವರ ಕಾಲದಲ್ಲಿ, 2017ರಲ್ಲಿ, ತಂಡ ಮತ್ತೊಂದು ಸಂಚಾರ ಹೊರಟಿತು. ನಲವತ್ತನೆಯ ವರ್ಷಕ್ಕೆ ಚೀನಾ ಪ್ರವಾಸದ ಯೋಚನೆಯಿತ್ತು. 2016ರ ಅಧ್ಯಕ್ಷೀಯ ಚುನಾವಣೆಯ ನಂತರ ಅದನ್ನು ಬಿಟ್ಟು ತಮ್ಮ ದೇಶದ ದಕ್ಷಿಣ ರಾಜ್ಯಗಳ ಕಡೆ ಹೊರಟರು. ಮಿಸಿಸಿಪಿ, ಅಲಬಾಮಾ, ಟೆನೆಸಿ, ಎರಡು ಕ್ಯಾರೊಲಿನಾಗಳು. ಸಲಿಂಗಿಗಳಿಗೆ ಸೇವೆ ನಿರಾಕರಿಸಲು ದಾರಿ ಮಾಡಿಕೊಡುವ ಕಾನೂನುಗಳು ಬರುತ್ತಿದ್ದ ಪ್ರದೇಶಗಳು ಅವು. ಜೊತೆಗೆ ಓಕ್‌ಲೆಂಡಿನ ಸರ್ವಧರ್ಮ ಗಾಸ್ಪೆಲ್ ಗಾಯನ ತಂಡವೂ ಹೊರಟಿತು. ಹಾರ್ವೆ ಮಿಲ್ಕ್ ತಂದ ಸಲಿಂಗಿಗಳ ಹಕ್ಕಿನ ಕಾಯ್ದೆಗೆ ಸಹಿ ಹಾಕಲು ಮೇಯರ್ ಮಾಸ್ಕೋನಿಯವರಿಗೆ ಕೊಟ್ಟ ತಿಳಿ ನೇರಳೆ ಬಣ್ಣದ ಪೆನ್ನಿನ ಹೆಸರನ್ನೇ ಸಂಚಾರಕ್ಕೆ ಇಟ್ಟರು. ಕೆಲವು ಚರ್ಚುಗಳು ಬಾಗಿಲು ತೆರೆದವು, ಕೆಲವು ತೆರೆಯಲಿಲ್ಲ. ಈ ಸಂಚಾರದ ಮೇಲೆ ತೆಗೆದ ಸಾಕ್ಷ್ಯಚಿತ್ರ 2019ರಲ್ಲಿ ಬಿಡುಗಡೆಯಾಯಿತು. ಮನೆ ಬಿಟ್ಟು ಬಂದ ಹಾಡುಗಾರರು ವರ್ಷಾನುಗಟ್ಟಲೆ ಮಾತು ಬಿಟ್ಟ ಅಪ್ಪಂದಿರ ಮುಂದೆ ನಿಲ್ಲುವುದು ಅದರಲ್ಲಿದೆ.

ಅದೇ 2019ರಲ್ಲಿ ಕೋರಸ್ಸಿಗೆ ವ್ಯಾಲೆನ್ಸಿಯಾ ರಸ್ತೆಯಲ್ಲಿ ಸ್ವಂತ ಕಟ್ಟಡವಾಯಿತು. ನಲವತ್ತು ವರ್ಷ ಬಾಡಿಗೆಯ, ಎರವಲಿನ ಜಾಗಗಳಲ್ಲಿ ಹಾಡಿದ ಮೇಲೆ ಸೂರು ಬಂತು. ನಮ್ಮಲ್ಲಿ ಸಂಘ ನೋಂದಣಿಯಾದ ಮರುವರ್ಷವೇ ಭವನದ ಅನುದಾನಕ್ಕೆ ಅರ್ಜಿ ಹಾಕುವವರು ಈ ಲೆಕ್ಕವನ್ನು ಒಮ್ಮೆ ಗಮನಿಸಬೇಕು. 2022ರಿಂದ ಜೇಕಬ್ ಸ್ಟೆನ್ಸ್‌ಬರ್ಗ್ ನಿರ್ದೇಶಕರು.

ನಮ್ಮ ದೇಶದಲ್ಲಿ

ಭಾರತದಲ್ಲಿ ಇಂಥ ತಂಡ ಹುಟ್ಟಲು ತಡವಾದದ್ದಕ್ಕೆ ಕಾನೂನೂ ಒಂದು ಕಾರಣ. 1860ರ ದಂಡಸಂಹಿತೆಯ 377ನೆಯ ಕಲಮು ಸಲಿಂಗ ಸಂಬಂಧವನ್ನು ಅಪರಾಧದ ಸಾಲಿಗೆ ಸೇರಿಸಿತ್ತು. 2009ರ ಜುಲೈಯಲ್ಲಿ ದಿಲ್ಲಿ ಹೈಕೋರ್ಟ್ ಆ ಭಾಗವನ್ನು ತೆಗೆದುಹಾಕಿತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಊರ್ಜಿತಗೊಳಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ದೇಶದ ಮೊದಲ ಲೈಂಗಿಕ ಅಲ್ಪಸಂಖ್ಯಾತರ ಗಾಯನ ತಂಡವಾದ ರೇನ್‌ಬೋ ವಾಯ್ಸಸ್ ಮುಂಬೈ ಶುರುವಾದದ್ದು 2014ರಲ್ಲಿ, ಅಂದರೆ ಕಾನೂನು ಮತ್ತೆ ಅವರಿಗೆ ಎದುರಾಗಿ ನಿಂತ ಹೊತ್ತಿನಲ್ಲಿ. ಹೆದರಿಕೆ ಹೋದ ಮೇಲೆ ಹಾಡಲು ಕೂತವರಲ್ಲ ಅವರೂ.

ಕರ್ನಾಟಕದಲ್ಲಿ ಹಾಡಿಗಿಂತ ಮೊದಲು ಮಾತಿನ ಕೂಟ ಬಂತು. ಬೆಂಗಳೂರಿನ ಗುಡ್ ಆ್ಯಸ್ ಯು ಬಳಗ 1994ರಿಂದ ವಾರಕ್ಕೊಮ್ಮೆ ಸೇರುತ್ತ ಬಂದಿದೆ. ಅಲ್ಲಿಯೂ ಬಳಗವನ್ನು ಉಳಿಸಿದ್ದು ವಾರ ತಪ್ಪದ ಭೇಟಿಯೇ. 1999ರಲ್ಲಿ ಸಂಗಮ ಸಂಸ್ಥೆ ಹುಟ್ಟಿ, ಇಂಗ್ಲಿಷ್ ಬಾರದ ದುಡಿಯುವ ವರ್ಗದ ಲೈಂಗಿಕ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡಿತು. 2008ರ ಜೂನಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಮೊದಲ ಹೆಮ್ಮೆಯ ಮೆರವಣಿಗೆ ನಡೆಯಿತು. 2013ರಲ್ಲಿ ಬಂದ ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ'ಯನ್ನು ನಮ್ಮ ಊರುಗಳ ಎಷ್ಟೋ ಹುಡುಗರು ಕದ್ದುಮುಚ್ಚಿ ಓದಿದರು.

ಸಮುದಾಯದ ಹಾಡು ಎಂದರೆ ನಮ್ಮ ರಾಜ್ಯದಲ್ಲಿ ಜೋಗತಿಯರ ಹೆಸರು ಬಿಡುವಂತಿಲ್ಲ. ಬಳ್ಳಾರಿ, ಹೊಸಪೇಟೆ ಕಡೆ ಎಲ್ಲಮ್ಮನ ಹಾಡು ಹಾಡುತ್ತ, ಕೊಡ ಹೊತ್ತು ಕುಣಿಯುತ್ತ ಬಂದ ಆ ಮೇಳಗಳಲ್ಲಿ ಕಾಳವ್ವ ಜೋಗತಿಯವರ ಗರಡಿಯಿಂದ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗತಿಯರದು ಲಿಂಗತ್ವದ ಪ್ರಶ್ನೆ, ಸಲಿಂಗಿ ಗಂಡಸರದು ಬೇರೆ. ಎರಡನ್ನೂ ಒಂದೇ ಎಂದು ಕಲಸಬಾರದು. ಆದರೆ ಮನೆಯಿಂದ ಹೊರಬಿದ್ದವರಿಗೆ ಮೇಳವೇ ಮನೆಯಾಗುವುದು ಎರಡು ಕಡೆಯೂ ಒಂದೇ. ಜೋಗತಿ ಮೇಳಕ್ಕೆ ದೇವರ ಆಸರೆಯಿತ್ತು. ಸಲಿಂಗಿ ಗಂಡಸಿಗೆ ನಮ್ಮ ಸಂಪ್ರದಾಯದಲ್ಲಿ ಅಂಥ ಗೂಡು ಇರಲಿಲ್ಲ. ಅವನು ಮದುವೆಯಾಗಿ ಸುಮ್ಮನಿರಬೇಕು, ಇಲ್ಲವೆ ಬೆಂಗಳೂರಿಗೋ ಕೊಯಮತ್ತೂರಿಗೋ ಬಸ್ಸು ಹತ್ತಬೇಕು.

ಈ ಚರಿತ್ರೆಯಿಂದ ನಮಗೆ

ಮೇಳ ಉಳಿಯುವುದು ಯಾವುದರಿಂದ? ಸ್ಯಾನ್ ಫ್ರಾನ್ಸಿಸ್ಕೊದವರ ದಾಖಲೆ ನೋಡಿದರೆ ಮೂರು ಉತ್ತರ ಸಿಗುತ್ತವೆ. ತಪ್ಪದ ತಾಲೀಮಿನ ದಿನ ಒಂದು. ತಾನು ಯಾರೆಂದು ಮುಚ್ಚಿಡದ ಹೆಸರು ಇನ್ನೊಂದು. ಸತ್ತವರ ಪಟ್ಟಿ ಮತ್ತು ಹೊಸಬರ ಸರದಿ, ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಮೂರನೆಯದು. ದುಡ್ಡು, ಕಟ್ಟಡ, ಪ್ರಶಸ್ತಿಗಳು ಇವುಗಳ ಹಿಂದೆ ಬಂದವು.

ನಮ್ಮ ಕಂಸಾಳೆ, ನೀಲಗಾರ ಮೇಳಗಳಿಗೆ ಮೊದಲ ಎರಡು ಇವೆ. ದೀಕ್ಷೆ ಪಡೆದವನ ಕೊರಳ ರುದ್ರಾಕ್ಷಿ, ಕೈಯ ಕಂಸಾಳೆ ಅವನು ಯಾರ ಒಕ್ಕಲೆಂದು ಊರಿಗೆ ಸಾರುತ್ತವೆ. ದೇವರಗುಡ್ಡರಾಗಲು ಒಂದೇ ಜಾತಿಯವರಾಗಬೇಕಿಲ್ಲ, ಚಿಕ್ಕಲ್ಲೂರಿನ ಜಾತ್ರೆಯ ಪಂಕ್ತಿಸೇವೆಯಲ್ಲಿ ಯಾರ ಪಕ್ಕ ಯಾರು ಕೂತರೆಂದು ಕೇಳುವವರಿಲ್ಲ. ಒಳಗೊಳ್ಳುವ ಈ ಗುಣ ನಮ್ಮ ಪರಂಪರೆಯ ಬಲ. ಕೊರತೆ ಇರುವುದು ಮೂರನೆಯದರಲ್ಲಿ. ಹೆಬ್ಬಣಿ ಮಾದಯ್ಯನವರ ತಂಡ ಹಾಡಿದ ಮಲೆ ಮಾದೇಶ್ವರ ಕಾವ್ಯ ಪುಸ್ತಕವಾಗಿ, 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೂ ಹೋಗಿ, ಒಂದು ತಂಡದ ಹೆಸರು ಉಳಿಯಿತು. ಅಂಥ ಭಾಗ್ಯ ಎಲ್ಲ ಮೇಳಗಳಿಗೂ ಇಲ್ಲ. ಮುಂದಾಳಿನ ಹೆಸರು ನೆನಪಿದ್ದರೆ ಹೆಚ್ಚು. ಹಿಮ್ಮೇಳದಲ್ಲಿ ಸೊಲ್ಲು ಹಿಡಿದವರ ಹೆಸರು ಅವರ ಮಕ್ಕಳಿಗಷ್ಟೇ ಗೊತ್ತು.

ಆದ್ದರಿಂದ ಈ ಸಂಚಿಕೆಯ ಓದುಗರಲ್ಲಿ ಎರಡು ಮನವಿ. ಮೂರು ತಾಲ್ಲೂಕುಗಳ ಪ್ರತಿ ಮೇಳವೂ ಒಂದು ನೋಟುಬುಕ್ಕು ಇಡಲಿ. ಮೇಳ ಯಾವ ಗುರುವಿನಿಂದ, ಯಾವ ಊರಿನಲ್ಲಿ, ಯಾವಾಗ ಶುರುವಾಯಿತು, ಯಾರು ಯಾರು ಹಾಡಿದರು, ಯಾರು ತೀರಿಕೊಂಡರು, ಈಗ ಯಾರು ಕಲಿಯುತ್ತಿದ್ದಾರೆ ಎಂದು ಬರೆದಿಡಲಿ. ಹಿಮ್ಮೇಳದ ಹೆಸರುಗಳನ್ನು ಮೊದಲು ಬರೆಯಲಿ. ಎರಡನೆಯದು ಮೇಳದ ಹಿರಿಯರಿಗೆ. ಕಂಸಾಳೆ ಕಲಿಯಲು ಬಂದ ಹುಡುಗನ ನಡಿಗೆ, ದನಿ, ಮದುವೆಯ ವಿಷಯ ಊರಿನ ಬಾಯಿಗೆ ಬಿದ್ದಿದ್ದರೆ ಅದನ್ನು ಮೇಳದೊಳಕ್ಕೆ ತರಬೇಡಿ. ಅವನ ಕೈ ತಾಳಕ್ಕೆ ಕೂಡುತ್ತದೆಯೇ, ಸೊಲ್ಲು ಸರಿ ಹಿಡಿಯುತ್ತಾನೆಯೇ ಎಂದಷ್ಟೇ ನೋಡಿ ಸೇರಿಸಿಕೊಳ್ಳಿ. ಮೇಳಕ್ಕೆ ಸೇರಲು ಅದಕ್ಕಿಂತ ಹೆಚ್ಚಿನ ಅರ್ಹತೆ ಯಾರಿಗೂ ಬೇಕಿಲ್ಲ.